ಮಲೆನಾಡಿನಲ್ಲಿ ಕೋಳಿಮರಿಗೆ ಹಾಸು: ಉಮಿ, ಮರದ ಸಿಪ್ಪೆ, ಅಡಿಕೆ ಸಿಪ್ಪೆಗಳಲ್ಲಿ ಯಾವುದು, ಎಷ್ಟು, ಹೇಗೆ?

ಒಂದು ದಿನದ ಕೋಳಿಮರಿ ತೂಗುವುದು 35ರಿಂದ 40 ಗ್ರಾಂ. ಮೈಮೇಲೆ ತುಪ್ಪುಳ ಬಿಟ್ಟರೆ ಬೇರೇನೂ ಇಲ್ಲ. ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವುದಕ್ಕೆ ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೇಲಿನಿಂದ ಬಲ್ಬಿನ ಕಾವು ಎಷ್ಟೇ ಕೊಟ್ಟರೂ ಕೆಳಗಿನ ನೆಲ ತಣ್ಣಗಿದ್ದರೆ ಕಾಲು, ಹೊಟ್ಟೆಯ ಮೂಲಕ ಬಿಸಿ ಹೋಗುತ್ತಲೇ ಇರುತ್ತದೆ. ಜೂನ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಿಮೆಂಟ್ ನೆಲವೂ ಬೆವರುತ್ತದೆ, ಮಣ್ಣಿನ ನೆಲವಂತೂ ಥಂಡಿ ಏಳುತ್ತದೆ. ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುವ ಹಾಸು ಇಲ್ಲಿ ನಾಲ್ಕೇ ದಿನಕ್ಕೆ ಮುಗ್ಗುವುದು ಇದೇ ಕಾರಣಕ್ಕೆ. ಆದ್ದರಿಂದ ಮಲೆನಾಡಿನಲ್ಲಿ ಹಾಸು ಆರಿಸುವವರು ಮೊದಲು ನೋಡಬೇಕಾದದ್ದು ಒಣಗಿದೆಯೇ, ಒಣಗಿದ್ದು ಮಳೆಗಾಲ ಮುಗಿಯುವವರೆಗೂ ಹಾಗೇ ಉಳಿಯುತ್ತದೆಯೇ ಎಂಬುದನ್ನು. ಬೆಲೆ ಆಮೇಲಿನ ಮಾತು.

ಮೊದಲ ಆಯ್ಕೆ: ಇಡೀ ಉಮಿ

ಭತ್ತ ಬೆಳೆಯುವ ಊರಿನಲ್ಲಿ ಉಮಿಗಿಂತ ಅಗ್ಗದ ಹಾಸು ಸಿಗುವುದು ಕಷ್ಟ. ಹಗುರ, ಬೇಗ ಒಣಗುತ್ತದೆ, ಗಟ್ಟಿಯಾಗಿ ಹೆಪ್ಪುಗಟ್ಟುವುದು ಕಡಿಮೆ, ಕೆಳಗಿನ ಥಂಡಿಯನ್ನು ಮೇಲಕ್ಕೆ ಬಿಡುವುದಿಲ್ಲ. ಆದರೆ ಉಮಿ ಎಂದು ಮಿಲ್ಲಿನಲ್ಲಿ ಕೊಡುವುದೆಲ್ಲ ಒಂದೇ ಅಲ್ಲ.

ಹಳ್ಳಿಯ ಹಳೆಯ ಹಲ್ಲರ್ ಮಿಲ್ಲಿನಲ್ಲಿ ಉಮಿ, ತೌಡು ಎರಡೂ ನುರಿದು ಒಟ್ಟಿಗೇ ಬೀಳುತ್ತವೆ. ಕೈಗೆ ತೆಗೆದುಕೊಂಡರೆ ಹಿಟ್ಟಿನಂತೆ ಬೆರಳಿಗೆ ಅಂಟುತ್ತದೆ, ಎಣ್ಣೆಯ ಜಿಡ್ಡು ಇರುತ್ತದೆ. ಇದು ಮರಿಗಳಿಗೆ ಬೇಡ. ತೌಡಿನ ಎಣ್ಣೆ ಬೇಗ ಕಮಟುತ್ತದೆ, ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಇರುವೆ ಇಲಿಗಳನ್ನು ಕರೆಯುತ್ತದೆ, ಧೂಳಂತೂ ಮರಿಯ ಮೂಗಿಗೇ ಹೋಗುತ್ತದೆ. ರಬ್ಬರ್ ರೋಲರಿನ ಶೆಲ್ಲರ್ ಇರುವ ಮಿಲ್ಲುಗಳಲ್ಲಿ ಸಿಪ್ಪೆ ಬೇರೆಯಾಗಿ, ದೋಣಿಯಾಕಾರದ ಎರಡು ಹೋಳಾಗಿ ಹೊರಬರುತ್ತದೆ. ಕೇಳಿ ತರಬೇಕಾದದ್ದು ಇದನ್ನು. ಇದರಲ್ಲೂ ಅಲ್ಪಸ್ವಲ್ಪ ಧೂಳು ಇದ್ದೇ ಇರುತ್ತದೆ. ಗಾಳಿ ಬೀಸುವ ಹೊತ್ತಿನಲ್ಲಿ ಮೊರದಲ್ಲಿ ಎತ್ತರದಿಂದ ತೂರಿದರೆ ಬಹುಪಾಲು ಹಾರಿಹೋಗುತ್ತದೆ. ತೂರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಉಮಿಯ ಕೊರತೆಯೂ ಒಂದಿದೆ. ಅದರ ಮೇಲ್ಮೈಯಲ್ಲಿ ಸಿಲಿಕಾ ಹೆಚ್ಚು, ಹಾಗಾಗಿ ನೀರು ಹೀರುವ ಶಕ್ತಿ ಮರದ ಸಿಪ್ಪೆಗಿಂತ ಕಡಿಮೆ. ನೀರಿನ ಪಾತ್ರೆ ಚೆಲ್ಲಿದರೆ ಉಮಿಯ ಸಂದಿಯಲ್ಲಿ ಇಳಿದು ನೆಲಕ್ಕೆ ಕೂರುತ್ತದೆ. ಮೇಲೆ ನೋಡಿದರೆ ಒಣಗಿದಂತೆ ಕಾಣುತ್ತದೆ, ಅಡಿಯಲ್ಲಿ ಒದ್ದೆ. ಮಳೆಗಾಲದ ಮರಿಗಳಿಗೆ ಉಮಿಯ ಜೊತೆ ಮೂರನೇ ಒಂದು ಭಾಗದಷ್ಟಾದರೂ ಮರದ ಸಿಪ್ಪೆ ಬೆರೆಸಬೇಕು ಎನ್ನುವುದು ಇದಕ್ಕೇ.

ಮರದ ಸಿಪ್ಪೆ ಮತ್ತು ಮರದ ಹೊಟ್ಟು

ಬಡಗಿ ಕೀಸುವಾಗ ಸುರುಳಿಯಾಗಿ ಬೀಳುವ ತೆಳ್ಳನೆಯ ಸಿಪ್ಪೆ ಒಂದು, ಸಾಮಿಲ್ಲಿನ ಗರಗಸದ ಕೆಳಗೆ ರಾಶಿ ಬೀಳುವ ನುಣ್ಣನೆಯ ಹೊಟ್ಟು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಸಿಪ್ಪೆ ಮರಿಗಳಿಗೆ ಅತ್ಯುತ್ತಮ: ಹೀರುತ್ತದೆ, ಮೆತ್ತಗಿರುತ್ತದೆ. ಹೊಟ್ಟನ್ನು ಮೊದಲ ಹತ್ತು ದಿನ ಮೇಲ್ಪದರವಾಗಿ ಬಳಸಲೇಬಾರದು. ಹೊಸ ಮರಿಗೆ ಆಹಾರ ಯಾವುದು, ಹಾಸು ಯಾವುದು ಎಂಬ ಭೇದ ತಿಳಿಯುವುದಿಲ್ಲ. ನುಣ್ಣನೆಯ ಹೊಟ್ಟನ್ನು ಕುಕ್ಕಿ ಕುಕ್ಕಿ ತಿಂದು, ಮೇವುಚೀಲವೂ ಜಠರವೂ ಕಟ್ಟಿಕೊಂಡು, ಹೊಟ್ಟೆ ತುಂಬಿದಂತೆ ಕಂಡರೂ ಉಪವಾಸದಿಂದ ಸಾಯುತ್ತದೆ.

ಮರ ಯಾವುದು ಎನ್ನುವುದಕ್ಕಿಂತ ಅದಕ್ಕೆ ಏನು ಬಳಿದಿತ್ತು ಎಂಬುದನ್ನು ಕೇಳಿ. ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಕೊಯ್ದ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟು ಇರುತ್ತದೆ. ಗೆದ್ದಲು ಔಷಧಿ ಹೊಡೆದ ಹಳೆಯ ಮರ, ಪಾಲಿಶ್ ಆದ ಬಾಗಿಲು ಕಿಟಕಿಗಳನ್ನು ಕೀಸಿದ ಸಿಪ್ಪೆ ಕೂಡ ಬೇಡ. ಒಂದೇ ಮೂಲೆಗೆ ಎಲ್ಲವನ್ನೂ ಗುಡಿಸಿ ಹಾಕುವ ಅಂಗಡಿಯಿಂದ ತರುವುದಾದರೆ ನಿಮ್ಮ ಚೀಲವನ್ನು ಮೊದಲೇ ಕೊಟ್ಟು, ಹಲಸು, ಅಕೇಶಿಯಾ, ಸಿಲ್ವರ್ ಓಕ್‌ನಂಥ ಬರಿ ಮರ ಕೀಸಿದ ದಿನ ತುಂಬಿಸಿ ಇಡುವಂತೆ ಹೇಳಿ. ಸಾಮಿಲ್ಲಿನ ಹೊಟ್ಟು ಹಸಿ ದಿಮ್ಮಿಯದ್ದಾದರೆ ಅದರ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಚೀಲದಲ್ಲಿ ಹಾಗೇ ಕಟ್ಟಿಟ್ಟರೆ ಒಳಗೆ ಬಿಸಿಯೆದ್ದು ಬೂಷ್ಟು ಬರುತ್ತದೆ.

ಅಡಿಕೆ ಸಿಪ್ಪೆ: ಆಸೆ ಹುಟ್ಟಿಸುತ್ತದೆ, ಆದರೆ ತಡೆಯಿರಿ

ಶಿವಮೊಗ್ಗ ಜಿಲ್ಲೆಯಲ್ಲಿ ಕೊಯ್ಲಿನ ಕಾಲಕ್ಕೆ ರಸ್ತೆ ಬದಿಯಲ್ಲೆಲ್ಲ ಇದರದ್ದೇ ರಾಶಿ. ದುಡ್ಡು ಕೊಡಬೇಕಿಲ್ಲ. ಆದರೆ ಕೆಂಪಡಿಕೆಗೆ ಸುಲಿದ ಹಸಿ ಸಿಪ್ಪೆಯ ರಾಶಿ ಕೆಲವೇ ದಿನಗಳಲ್ಲಿ ಒಳಗೊಳಗೇ ಬಿಸಿಯೇರಿ ಕೊಳೆಯಲು ತೊಡಗುತ್ತದೆ, ಬಿಳಿ ಹಸಿರು ಬೂಷ್ಟು ಹಿಡಿಯುತ್ತದೆ. ಆ ರಾಶಿಯಿಂದ ತಂದು ಬಿಸಿಲಿಗೆ ಹಾಕಿದರೂ ಪ್ರಯೋಜನವಿಲ್ಲ, ಬೂಷ್ಟಿನ ಬೀಜಕಣಗಳು ಒಣಗಿಸಿದರೆ ಸಾಯುವುದಿಲ್ಲ. ಒಣಗಿದ ಮೇಲೆ ಇನ್ನೂ ಸುಲಭವಾಗಿ ಗಾಳಿಯಲ್ಲಿ ಹಾರುತ್ತವೆ.

ಎರಡನೆಯ ತೊಂದರೆ ಬೋರ್ಡೋ ದ್ರಾವಣ. ಕೊಳೆರೋಗಕ್ಕೆಂದು ಗೊನೆಗೆ ಹೊಡೆಯುವ ಇದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ಸಿಪ್ಪೆಯ ಮೇಲೆ ನೀಲಿ ಛಾಯೆಯ ಬಿಳಿ ಪುಡಿ ಅಂಟಿರುವುದು ಕಂಡರೆ ಆ ಸಿಪ್ಪೆಯನ್ನು ಮರಿಗಳ ಹತ್ತಿರ ತರಬೇಡಿ.

ಮೂರನೆಯದು ನಾರು. ಉದ್ದನೆಯ ನಾರು ಮರಿಯ ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತದೆ, ರಕ್ತ ಓಡುವುದು ನಿಂತು ಬೆರಳು ಊದಿ ಕಪ್ಪಾಗುತ್ತದೆ. ಅಡಿಕೆ ಸಿಪ್ಪೆಯನ್ನೇ ಬಳಸುವುದಾದರೆ ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದ ಒಣ ಸಿಪ್ಪೆಯನ್ನು ಆರಿಸಿ. ಮೇವು ಕತ್ತರಿಸುವ ಯಂತ್ರಕ್ಕೆ ಎರಡು ಬಾರಿ ಕೊಟ್ಟು ಒಂದು ಇಂಚಿಗಿಂತ ಚಿಕ್ಕದಾಗಿ ಕತ್ತರಿಸಿ, ಜರಡಿ ಹಿಡಿದು ಉದ್ದ ನಾರನ್ನೆಲ್ಲ ತೆಗೆಯಿರಿ. ಮೂರು ವಾರ ದಾಟಿದ ಮರಿಗಳಿಗೆ, ಅದೂ ಉಮಿಯ ಕೆಳಗಿನ ಪದರವಾಗಿ ಮಾತ್ರ ಹಾಕಿ.

ದರಗು ಬೇಡ

ಸೊಪ್ಪಿನ ಬೆಟ್ಟದಿಂದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು ಇಲ್ಲಿಯ ಹಳೆಯ ರೂಢಿ. ಕೋಳಿಮರಿಗೆ ಮಾತ್ರ ಅದು ಸಲ್ಲ. ಎಲೆ ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತದೆ, ಅಡಿಯಲ್ಲಿ ನೀರು ನಿಲ್ಲುತ್ತದೆ, ಬೂಷ್ಟು ಬರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಅದರ ಮರಿಗಳು ಕಾಡಿನ ತರಗೆಲೆಯಲ್ಲಿ ಹೆಚ್ಚಾಗಿರುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ದರಗು ಗುಡಿಸುವ ತಿಂಗಳುಗಳಲ್ಲೇ. ಕೋಳಿಮರಿಗಳ ಗೂಡು ಹೆಚ್ಚಾಗಿ ಮನೆಯ ಜಗಲಿಗೋ ಹಿತ್ತಿಲಿಗೋ ಅಂಟಿಕೊಂಡಿರುತ್ತದೆ, ಮಕ್ಕಳು ದಿನಕ್ಕೆ ಹತ್ತು ಸಲ ಬಂದು ಕೈ ಹಾಕುತ್ತಾರೆ. ಮಂಗನ ಕಾಯಿಲೆ ಬರುವ ಊರುಗಳಲ್ಲಿ ಕಾಡಿನ ದರಗನ್ನು ಮನೆಯ ಹತ್ತಿರ ತರುವುದೇ ಅಪಾಯ.

ಉಳಿದವುಗಳ ಬಗ್ಗೆ ಚುಟುಕಾಗಿ: ಭತ್ತದ ಹುಲ್ಲನ್ನು ಒಂದು ಇಂಚಿಗೆ ಕತ್ತರಿಸಿ ಹಾಕಬಹುದು, ಆದರೆ ಬೇಗ ಹೆಪ್ಪುಗಟ್ಟುತ್ತದೆ. ಮಳೆಗೆ ಸಿಕ್ಕ ಹುಲ್ಲು ಬೇಡವೇ ಬೇಡ. ತೆಂಗಿನ ನಾರಿನ ಪುಡಿ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಮಳೆಗಾಲಕ್ಕೆ ಆಗದು. ಕಾಫಿ ಸಿಪ್ಪೆಯಲ್ಲಿ ಕೆಫೀನ್ ಉಳಿದಿರುವುದರಿಂದ ಕಂಡದ್ದೆಲ್ಲ ಕುಕ್ಕುವ ಮರಿಗಳಿಗೆ ಕೊಡಬಾರದು. ಆಲೆಮನೆಯ ಕಬ್ಬಿನ ಸಿಪ್ಪೆಯಲ್ಲಿ ಸಕ್ಕರೆಯ ಅಂಶ ಇದ್ದೇ ಇರುತ್ತದೆ, ಹುಳಿಯುತ್ತದೆ, ಇರುವೆ ಮುತ್ತುತ್ತದೆ.

ತಂದ ಹಾಸನ್ನು ಪರೀಕ್ಷಿಸುವ ಬಗೆ

ಚೀಲದ ಬಾಯಿಂದಲ್ಲ, ನಡುವಿನಿಂದ ಒಂದು ಹಿಡಿ ತೆಗೆಯಿರಿ. ಮೂಗಿಗೆ ಹಿಡಿದು ನೋಡಿ. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ ಉಂಡೆ ಒಡೆದಾಗ ಹೊಗೆಯಂತೆ ಪುಡಿ ಎದ್ದರೆ, ಬಿಳಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಆ ಚೀಲ ಪೂರ್ತಿ ಗೊಬ್ಬರದ ಗುಂಡಿಗೆ ಹೋಗಬೇಕು. ಇಲ್ಲಿ ಉಳಿತಾಯ ಮಾಡಹೋದರೆ ಬರುವುದು ಆಸ್ಪರ್ಜಿಲೋಸಿಸ್ ಎಂಬ ಶ್ವಾಸಕೋಶದ ರೋಗ. ಮೊದಲ ಎರಡು ವಾರದಲ್ಲಿ ಮರಿ ಕೊಕ್ಕು ತೆರೆದು, ಕತ್ತು ಚಾಚಿ ಉಸಿರಿಗಾಗಿ ಒದ್ದಾಡುತ್ತದೆ. ನೆಗಡಿಯಲ್ಲಿ ಕೇಳುವ ಗೊರಗೊರ ಸದ್ದು ಸಾಮಾನ್ಯವಾಗಿ ಇರುವುದಿಲ್ಲ. ಬಂದ ಮೇಲೆ ನಂಬಬಹುದಾದ ಚಿಕಿತ್ಸೆ ಇಲ್ಲ.

ತೇವ ನೋಡಲು ಒಣಗಿದ ಗಾಜಿನ ಬಾಟಲಿ ಸಾಕು. ಅರ್ಧ ಬಾಟಲಿ ಉಮಿ ತುಂಬಿ, ಮುಚ್ಚಳ ಬಿಗಿದು, ಒಂದು ಗಂಟೆ ಬಿಸಿಲಿಗಿಡಿ. ಒಳಗಡೆ ಗಾಜಿನ ಮೇಲೆ ನೀರಹನಿ ಕೂತರೆ ಇನ್ನೂ ಒಣಗಬೇಕು ಎಂದರ್ಥ. ಒಣಗಿಸುವಾಗ ಟಾರ್ಪಾಲಿನ ಮೇಲೆ ಎರಡು ಇಂಚಿಗಿಂತ ದಪ್ಪ ಹರಡಬೇಡಿ, ದಿನಕ್ಕೆ ಮೂರು ನಾಲ್ಕು ಸಲ ಕಾಲಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಒಳ್ಳೆಯ ಬಿಸಿಲಿದ್ದರೆ ಎರಡು ದಿನ ಸಾಕು. ಅಡಿಕೆ ಒಣಗಿಸುವ ಪಾಲಿಹೌಸ್ ಇರುವವರಿಗೆ ಈ ಕೆಲಸ ಇನ್ನೂ ಹಗುರ.

ಸುಗ್ಗಿ ಮುಗಿದು ಮಿಲ್ಲುಗಳಲ್ಲಿ ಉಮಿ ಹೇರಳವಾಗಿರುವ ಜನವರಿಯಿಂದ ಮಾರ್ಚ್‌ ಒಳಗೆ ಇಡೀ ಮಳೆಗಾಲಕ್ಕೆ ಬೇಕಾದಷ್ಟು ತಂದು ಒಣಗಿಸಿಕೊಳ್ಳಿ. ಮೇ ತಿಂಗಳ ಅಡ್ಡಮಳೆಗೆ ಮುಂಚೆ ಚೀಲ ಕಟ್ಟಿ, ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಿ. ಗೊಬ್ಬರ, ಕೀಟನಾಶಕ ತುಂಬಿದ್ದ ಹಳೆಯ ಚೀಲ ಬಳಸಬೇಡಿ. ಜುಲೈಯಲ್ಲಿ ಉಮಿ ಹುಡುಕಿ ಹೊರಟವರಿಗೆ ಸಿಗುವುದು ಒದ್ದೆಯದ್ದೇ.

ನೂರು ಮರಿಗೆ ಲೆಕ್ಕ

ಗಿರಿರಾಜ, ಸ್ವರ್ಣಧಾರದಂಥ ಹಿತ್ತಿಲ ಕೋಳಿಗಳ ನೂರು ಮರಿಗೆ ಏಳು ಅಡಿ ಅಗಲದ ದುಂಡನೆಯ ಜಾಗ ಬೇಕು. ಅದು ಸುಮಾರು 38 ಚದರಡಿ. ಎರಡು ಇಂಚು ದಪ್ಪ ಹಾಸಲು ಹತ್ತಿರ ಹತ್ತಿರ 20 ಕಿಲೋ ಉಮಿ, ಅಂದರೆ 50 ಕಿಲೋ ಅಕ್ಕಿ ಹಿಡಿಯುವ ಚೀಲದಲ್ಲಿ ಮೂರು ಚೀಲ. ಮಳೆಗಾಲದಲ್ಲಿ ಮೂರು ಇಂಚು ಬೇಕು, 30 ಕಿಲೋ ಹಿಡಿಯಿರಿ. ಒದ್ದೆಯಾದದ್ದನ್ನು ತೆಗೆದು ತುಂಬಲು, ಜಾಗ ಅಗಲಿಸಲು ಸೇರಿ ನಾಲ್ಕು ವಾರಕ್ಕೆ 50ರಿಂದ 60 ಕಿಲೋ ಕೈಯಲ್ಲಿರಲಿ. ಉಮಿಗಿಂತ ಅದನ್ನು ತರುವ ಗಾಡಿ ಬಾಡಿಗೆಯೇ ಹೆಚ್ಚಾಗುವುದರಿಂದ ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದೇ ಗಾಡಿ ಮಾಡಿಸುವುದು ಲಾಭ.

ಹಾಸುವ ಕ್ರಮ

1. ಮರಿ ಬರುವ ನಾಲ್ಕೈದು ದಿನ ಮೊದಲು ಹಳೆಯ ಹಾಸನ್ನೆಲ್ಲ ತೆಗೆದು, ನೆಲ ತೊಳೆದು, ಸುಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ಸಗಣಿ ಸಾರಿಸುವ ನೆಲವಾದರೆ ಸಾರಿಸಿದ ಮೇಲೆ ಅಷ್ಟೇ ದಿನ ಒಣಗಬೇಕು. ಮೇಲೆ ಒಣಗಿ ಒಳಗೆ ಹಸಿಯಿದ್ದರೆ ಬೂಷ್ಟು ಅಲ್ಲಿಂದಲೇ ಏಳುತ್ತದೆ.

2. ಥಂಡಿ ಏಳುವ ನೆಲದ ಮೇಲೆ ಮೊದಲು ಟಾರ್ಪಾಲು ಹಾಸಿ, ಆಮೇಲೆ ಉಮಿ.

3. ಹದಿನೆಂಟು ಇಂಚು ಎತ್ತರದ ತಗಡು ಅಥವಾ ದಪ್ಪ ರಟ್ಟನ್ನು ದುಂಡಗೆ ಬಳಸಿ ನಿಲ್ಲಿಸಿ. ಚೌಕದ ಮೂಲೆಗಳಿದ್ದರೆ ಚಳಿಗೆ ಮರಿಗಳು ಮೂಲೆಗೆ ಒತ್ತರಿಸಿ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ.

4. ಉಮಿಯ ಮೇಲೆ ಮೊದಲ ಮೂರು ದಿನಕ್ಕೆ ಕಾಗದ ಬೇಕು. ನಯವಾದ ಬರಿ ವೃತ್ತಪತ್ರಿಕೆ ಒದ್ದೆಯಾದಾಗ ಜಾರುತ್ತದೆ. ಜಾರಿದ ಮರಿಯ ಕಾಲು ಎರಡೂ ಪಕ್ಕಕ್ಕೆ ಚಾಚಿಕೊಂಡು ಹಾಗೇ ನಿಂತುಬಿಡಬಹುದು. ರಟ್ಟಿನ ಪೆಟ್ಟಿಗೆ ಬಿಡಿಸಿ ಏಣು ಇರುವ ಬದಿ ಮೇಲೆ ಮಾಡಿ ಹಾಕಿ, ಇಲ್ಲವೇ ಎಳೆ ಬಿಡದ ಗಟ್ಟಿ ಗೋಣಿ ಹಾಸಿ. ಅದರ ಮೇಲೆ ಜೋಳದ ನುಚ್ಚು ಚೆಲ್ಲಿದರೆ ಮರಿಗಳು ಆಹಾರ ಗುರುತಿಸಲು ಕಲಿಯುತ್ತವೆ. ದಿನಕ್ಕೊಮ್ಮೆ ಬದಲಿಸಿ, ನಾಲ್ಕನೆಯ ದಿನ ತೆಗೆದುಬಿಡಿ.

5. ನೂರು ವಾಟಿನ ಎರಡು ಹಳೆಯ ಮಾದರಿ ಬಲ್ಬುಗಳನ್ನು ಹಾಸಿನಿಂದ ಹದಿನೆಂಟು ಇಂಚು ಎತ್ತರದಲ್ಲಿ ತೂಗಿ, ಮರಿ ಬರುವ 24 ಗಂಟೆ ಮುಂಚೆಯೇ ಉರಿಸಿ. ಗಾಳಿ ಬೇಗ ಬಿಸಿಯಾಗುತ್ತದೆ, ಹಾಸು ಕಾಯಲು ಹೊತ್ತು ಬೇಕು. ಹಾಸಿನಿಂದ ಎರಡು ಇಂಚು ಮೇಲೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಬಲ್ಬನ್ನು ಅದರ ವಯರಿನಿಂದಲೇ ನೇತುಹಾಕಬೇಡಿ, ಬೇರೆ ಕಬ್ಬಿಣದ ತಂತಿಯಿಂದ ಕಟ್ಟಿ. ಕಳಚಿ ಬಿದ್ದ ಬಲ್ಬು ಉಮಿಯನ್ನು ಮೊದಲು ಹೊಗೆಯಾಡಿಸಿ ಆಮೇಲೆ ಹೊತ್ತಿಸುತ್ತದೆ. ಕರೆಂಟ್ ಹೋದಾಗ ಕೆಂಡ ಇಡುವವರು ತಗಡಿನ ತಟ್ಟೆಗೆ ಮರಳು ಹಾಕಿ, ಇಟ್ಟಿಗೆಯ ಮೇಲೆ ಎತ್ತರದಲ್ಲಿ, ಕಿಟಕಿ ತೆರೆದಿಟ್ಟೇ ಇಡಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ಮರಿಗಳನ್ನೂ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

6. ಮರಿ ಬಿಟ್ಟ ಒಂದು ಗಂಟೆಯ ಮೇಲೆ ನಾಲ್ಕೈದು ಮರಿ ಎತ್ತಿ ಕಾಲನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ಕಾಲು ತಣ್ಣಗಿದ್ದರೆ ಹಾಸು ಇನ್ನೂ ಕಾದಿಲ್ಲ. ಥರ್ಮಾಮೀಟರ್ ಏನೇ ಹೇಳಲಿ, ಈ ಪರೀಕ್ಷೆಯನ್ನೇ ನಂಬಿ.

ದಿನದಿನದ ಆರೈಕೆ

ಹಾಸು ಹಾಳಾಗುವುದು ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಇಟ್ಟಿಗೆ ಅಥವಾ ಹಲಗೆಯ ಮೇಲಿಟ್ಟು, ಅದರ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ವಾರವಾರ ಎತ್ತರಿಸಿ. ಅದರ ಸುತ್ತ ಒಂದಡಿ ಉಮಿಯ ಬದಲು ಮರದ ಸಿಪ್ಪೆಯನ್ನೇ ಹಾಕಿ. ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ಈ ಕೆಲಸವನ್ನು ನಾಳೆಗೆ ದೂಡಬಾರದು ಎನ್ನುವುದಕ್ಕೆ ಗಟ್ಟಿ ಕಾರಣವಿದೆ: ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಬೀಳುವಾಗ ರೋಗ ಹರಡುವ ಸ್ಥಿತಿಯಲ್ಲಿರುವುದಿಲ್ಲ. ತೇವ, ಬಿಸಿ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಆ ಸ್ಥಿತಿಗೆ ಬರುತ್ತವೆ. ಅಷ್ಟರೊಳಗೆ ಒದ್ದೆ ಹಾಸು ಹೊರಹೋದರೆ ಅರ್ಧ ರೋಗ ಹೊರಹೋದಂತೆ. ಮೂರರಿಂದ ಆರು ವಾರದ ಮರಿಗಳಲ್ಲಿ ರೆಕ್ಕೆ ಇಳಿಬಿಟ್ಟು ಮುದುಡಿ ಕೂರುವುದು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರಲ್ಲಿ ಹೋಗಿ. ಆಗಷ್ಟೇ ಸತ್ತ ಮರಿಯಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗೆ ಒಯ್ಯಿರಿ, ಕೊಯ್ದು ನೋಡಿದರೆ ಕಾರಣ ಬೇಗ ತಿಳಿಯುತ್ತದೆ.

ಬೆಳಿಗ್ಗೆ ಒಮ್ಮೆ ಹಾಸನ್ನು ಅಡಿಯಿಂದ ಮೇಲಕ್ಕೆ ಕೆದಕಿ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯಿರಿ. ಬಿಟ್ಟಾಗ ಉಂಡೆ ಹಾಗೇ ನಿಂತರೆ ತೇವ ಮಿತಿಮೀರಿದೆ. ತುಸು ಅಂಟಿದಂತಾಗಿ ಉದುರಿದರೆ ಸರಿ, ತೇವ ನೂರಕ್ಕೆ 20–25ರ ಆಸುಪಾಸಿನಲ್ಲಿದೆ. ಸ್ವಲ್ಪವೂ ಅಂಟದೆ ಧೂಳೇಳುತ್ತಿದ್ದರೆ ತೀರ ಒಣಗಿದೆ, ಮರಿಗಳ ಕಣ್ಣು ಮೂಗಿಗೆ ತೊಂದರೆ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಮರಿಗಳ ಎತ್ತರಕ್ಕೆ ಮುಖ ತಗ್ಗಿಸಿ ಉಸಿರೆಳೆದು ನೋಡಿ. ಅಮೋನಿಯಾ ಹಾಸಿನಿಂದಲೇ ಏಳುವುದು, ನಿಂತವರ ಮೂಗಿಗೆ ತಿಳಿಯುವ ಹೊತ್ತಿಗೆ ಮರಿಗಳ ಕಣ್ಣು ಕೆಂಪಾಗಿರುತ್ತದೆ. ದಿನವೂ ಅಲ್ಲೇ ಓಡಾಡುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಮನೆಯ ಬೇರೊಬ್ಬರನ್ನು ಕರೆದು ಕೇಳುವುದು ಒಳ್ಳೆಯದು.

ವಾಸನೆ ಬಂದ ಕೂಡಲೇ ಹಾಸಿನ ಮೇಲೆ ಸುಣ್ಣ ಎರಚುವ ಅಭ್ಯಾಸ ಬಹಳ ಮಂದಿಗೆ ಇದೆ. ಮರಿಗಳಿರುವಾಗ ಹೀಗೆ ಮಾಡಬೇಡಿ. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ದರೆ ಕ್ಷಾರ ಹೆಚ್ಚಿ, ಅಡಗಿದ್ದ ಅಮೋನಿಯಾ ಇನ್ನೂ ಜೋರಾಗಿ ಹೊರಬರುತ್ತದೆ, ಸುಣ್ಣದ ಪುಡಿ ಕಣ್ಣನ್ನೂ ಕಾಲನ್ನೂ ಸುಡುತ್ತದೆ. ಒದ್ದೆಯಾದದ್ದನ್ನು ತೆಗೆದು ಒಣ ಹಾಸು ತುಂಬಿ, ಮೇಲ್ಭಾಗದ ಕಿಟಕಿ ತೆರೆದು ಗಾಳಿ ಆಡಿಸಿ. ಮಳೆಯೆಂದು ನಾಲ್ಕೂ ಕಡೆ ಪ್ಲಾಸ್ಟಿಕ್ ಪರದೆ ಬಿಗಿದು ಕಟ್ಟಿದ ಗೂಡಿನಲ್ಲಿ ಯಾವ ಹಾಸೂ ಒಣಗಿರುವುದಿಲ್ಲ. ಗಾಳಿ ಬೀಸುವ ಬದಿ ಮುಚ್ಚಿ, ಎದುರು ಬದಿಯ ಮೇಲೆ ಒಂದಡಿ ಸದಾ ತೆರೆದಿಡಿ. ಇರುವೆ ಬಂದರೆ ಇರುವೆ ಪುಡಿಯನ್ನು ಹಾಸಿಗೆ ಬೆರೆಸಬೇಡಿ, ಮರಿಗಳು ಅದನ್ನೂ ಕುಕ್ಕುತ್ತವೆ. ತಗಡಿನ ಹೊರಸುತ್ತಿಗೆ ಒಣ ಬೂದಿಯ ಗೆರೆ ಎಳೆಯಿರಿ, ಚೆಲ್ಲಿದ ನುಚ್ಚನ್ನು ಸಂಜೆಯೇ ಗುಡಿಸಿ.

ತೆಗೆದ ಹಾಸು

ಒಂದು ತಂಡದ ಹಾಸನ್ನು ಇನ್ನೊಂದು ತಂಡದ ಮರಿಗಳಿಗೆ ಬಳಸಬೇಡಿ. ತೆಗೆದದ್ದನ್ನು ಮಳೆ ಬೀಳದ ಮಾಡಿನ ಕೆಳಗೆ ರಾಶಿ ಹಾಕಿ, ಸಗಣಿ, ಸೊಪ್ಪು ಪದರ ಪದರವಾಗಿ ಸೇರಿಸಿ, ಹದವಾಗಿ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ತಿರುವಿ. ಉಮಿ ಕೊಳೆಯುವುದು ನಿಧಾನ, ಮೂರು ತಿಂಗಳಾದರೂ ಬೇಕು. ಹಸಿ ಹಾಸನ್ನು ನೇರವಾಗಿ ಅಡಿಕೆ ಬುಡಕ್ಕೋ ಮೆಣಸಿನ ಬಳ್ಳಿಗೋ ಹಾಕಿದರೆ ಅದರ ಕಾವಿಗೂ ಅಮೋನಿಯಾಕ್ಕೂ ಎಳೆ ಬೇರು ಸುಡುತ್ತದೆ. ರೋಗ ಬಂದು ಮರಿಗಳು ಸತ್ತ ಗೂಡಿನ ಹಾಸಾದರೆ ಗೊಬ್ಬರದ ಆಸೆ ಬಿಟ್ಟು, ಬಾವಿ ಹಳ್ಳಗಳಿಂದ ದೂರದಲ್ಲಿ ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಅಂಥ ಗೂಡಿನ ನೆಲ ತೊಳೆದು ಸುಣ್ಣ ಬಳಿದ ಮೇಲೆ ಎರಡು ವಾರವಾದರೂ ಗೂಡನ್ನು ಖಾಲಿ ಬಿಟ್ಟು, ಅದು ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಮರಿಗಳಿಗೆ ಹೇಳಿಕಳುಹಿಸಿ.